ಹರಕೆ ಒಂದೇ ಸಲಕ್ಕೆ ತೀರುವುದಿಲ್ಲ

ನಮ್ಮ ದೊಡ್ಡಮ್ಮನನ್ನು ಯಾರಾದರೂ ‘ಕ್ಯಾನ್ಸರ್ ಗೆದ್ದವರು’ ಎಂದರೆ ಅವರಿಗೆ ಹಿಡಿಸದು. ‘ಗೆಲ್ಲಾಕೆ ಅದೇನ್ ಕುಸ್ತಿಯಾ? ಮಾದಪ್ಪ ಮಡಗವ್ನೆ, ಇವ್ನಿ ಕನ ಮಗ’ ಅನ್ನುತ್ತಾರೆ. ಗುಂಡ್ಲುಪೇಟೆ ಸೀಮೆಯ ಮಾತಿನಲ್ಲಿ ಮಡಗುವುದೆಂದರೆ ಇಡುವುದು, ಎತ್ತಿಟ್ಟು ಕಾಯುವುದು. ಸ್ತನ ಕ್ಯಾನ್ಸರಿಗೆ ಆಪರೇಷನ್, ಕಿಮೊ, ರೇಡಿಯೇಷನ್ ಮುಗಿಸಿಕೊಂಡು ಅವರು ಊರಿಗೆ ಬಂದು ಹದಿನಾರು ವರ್ಷವಾಯಿತು. ಕಿಮೊದಲ್ಲಿ ಉದುರಿದ ಕೂದಲು ಮತ್ತೆ ಹುಟ್ಟಿ ಹೆಗಲು ಮುಟ್ಟಿದ ವರ್ಷ ಮಾದಪ್ಪನ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟರು. ಮೊದಲ ಸಲ ಔಷಧ ಕಿತ್ತುಕೊಂಡಿದ್ದನ್ನು ಎರಡನೇ ಸಲ ತಾವಾಗಿಯೇ ಕೊಟ್ಟು ಬಂದರು. ಅಲ್ಲಿಂದಾಚೆಗೆ ಒಂದು ವರ್ಷವೂ ಬೆಟ್ಟ ತಪ್ಪಿಸಿಲ್ಲ.

ಆಸ್ಪತ್ರೆಯ ತಪಾಸಣೆ ಮಾತ್ರ ತಪ್ಪಿತು. ನಾಲ್ಕನೇ ವರ್ಷದಿಂದ ಏಳನೇ ವರ್ಷದವರೆಗೆ ಅವರು ಒಂದು ಸಲವೂ ಹೋಗಲಿಲ್ಲ. ಅಲ್ಲಿಂದ ಯಾರೂ ಕರೆಯಲಿಲ್ಲ, ಮನೆಯಲ್ಲಿ ನಾವ್ಯಾರೂ ಕೇಳಲಿಲ್ಲ. ಗುಂಡ್ಲುಪೇಟೆಯಿಂದ ಆ ಆಸ್ಪತ್ರೆಯಿರುವ ಮೈಸೂರು ಸುಮಾರು 60 ಕಿಲೋಮೀಟರ್. ಬೆಟ್ಟ ಅದರ ಎರಡರಷ್ಟಕ್ಕಿಂತ ದೂರ. ದೂರದ ದಾರಿಯನ್ನು ವರ್ಷ ವರ್ಷವೂ ಸವೆಸಿದವರು ಹತ್ತಿರದ್ದನ್ನು ಯಾಕೆ ಬಿಟ್ಟರು? ಇದನ್ನು ತಿಳಿವಳಿಕೆ ಸಾಲದ ಹಳ್ಳಿಯವರ ಉದಾಸೀನವೆಂದು ತಳ್ಳಿಹಾಕುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ.

ಬೆಟ್ಟಕ್ಕೆ ಹೊರಟರೆ ಅರ್ಧ ಊರೇ ಜೊತೆಗಿರುತ್ತದೆ. ಬುತ್ತಿ, ಹಾಡು, ‘ಉಘೇ ಮಾದಪ್ಪ’ ಎನ್ನುವ ಕೂಗು. ಆಸ್ಪತ್ರೆಗೆ ಹೊರಟರೆ ಒಬ್ಬರೇ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಫೈಲು, ಎದೆಯಲ್ಲಿ ‘ಮತ್ತೆ ಏನಾದರೂ ಸಿಕ್ಕಿಬಿಟ್ಟರೆ’ ಎನ್ನುವ ನಡುಕ. ವಾಸಿಯಾದ ಮೇಲೂ ಹೋಗುವುದು ದೇವರ ಮೇಲಿನ ಅನುಮಾನ ಎನ್ನುವವರೂ ಇದ್ದಾರೆ. ಆದರೆ ಹರಕೆಯ ನ್ಯಾಯವೇ ಬೇರೆ. ಒಂದು ಸಲ ಮುಡಿ ಕೊಟ್ಟರೆ ಮಾದಪ್ಪನ ಋಣ ತೀರಿತೆಂದು ನಮ್ಮ ಕಡೆ ಯಾರೂ ತಿಳಿಯುವುದಿಲ್ಲ. ವರ್ಷ ವರ್ಷ ಹೋಗಿ ಮುಖ ತೋರಿಸಿ ಬರುವುದೇ ನಡೆದುಕೊಳ್ಳುವುದು. ಅವನು ಉಳಿಸಿಕೊಟ್ಟ ದೇಹಕ್ಕೂ ಹಾಗೆ ನಡೆದುಕೊಳ್ಳಬೇಕಲ್ಲವೇ?

ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ ತಮ್ಮ ಎದೆಯೊಳಗಿನ ಗಡ್ಡೆಯನ್ನು ತಮ್ಮದೇ ಎಕ್ಸ್‌ರೇಯಲ್ಲಿ ಕಂಡವರು. ಚಿಕಿತ್ಸೆ ಮುಗಿದ ಮೇಲಿನ ಬದುಕನ್ನು ‘ವಾಸಿ’ ಎಂಬ ಒಂದೇ ಮಾತು ಹಿಡಿಯಲಾರದೆಂದು ಅವರಿಗೆ ಅನ್ನಿಸಿತು. 1985ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಮೂರು ಋತುಗಳನ್ನು ಹೇಳಿದರು: ಚಿಕಿತ್ಸೆಯದ್ದು ಮೊದಲನೆಯದು, ಮರಳಿ ಬಂದೀತೆಂಬ ಭಯದ್ದು ಎರಡನೆಯದು, ದೀರ್ಘಕಾಲ ಉಳಿದವರದ್ದು ಮೂರನೆಯದು. ಮುಂದೆ 2006ರಲ್ಲಿ ಆ ದೇಶದ ವೈದ್ಯಕೀಯ ಸಂಸ್ಥೆಯೊಂದು ಪ್ರತಿ ರೋಗಿಗೂ ಚಿಕಿತ್ಸೆಯ ಸಾರಾಂಶ ಮತ್ತು ಮುಂದಿನ ವರ್ಷಗಳ ತಪಾಸಣೆಯ ಯೋಜನೆಯನ್ನು ಬರಹದಲ್ಲಿ ಕೊಡಬೇಕೆಂದು ಶಿಫಾರಸು ಮಾಡಿತು. ನಮ್ಮ ವ್ಯವಸ್ಥೆ ಇನ್ನೂ ಮೊದಲ ಋತುವಿನಲ್ಲೇ ನಿಂತಿದೆ. ಆಯುಷ್ಮಾನ್ ಭಾರತ್ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡಿಸುತ್ತದೆ. ಬಡವರ ಪಾಲಿಗೆ ಅದು ದೊಡ್ಡ ಆಸರೆ, ಅನುಮಾನವಿಲ್ಲ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು 15 ದಿನಗಳ ಔಷಧ, ಪರೀಕ್ಷೆಗಳನ್ನು. ದೊಡ್ಡಮ್ಮ ಹದಿನಾರು ವರ್ಷ ಬದುಕಿದ್ದಾರೆ.

ಈ ಹದಿನಾರು ವರ್ಷಗಳಲ್ಲಿ ದೇಹ ಸುಮ್ಮನೆ ಕೂತಿರುವುದಿಲ್ಲ. ಕೆಲವು ಕಿಮೊ ಔಷಧಗಳು ಎಷ್ಟೋ ವರ್ಷಗಳ ಮೇಲೆ ಹೃದಯವನ್ನು ಸೋಲಿಸಬಲ್ಲವು. ಕತ್ತಿಗೆ ರೇಡಿಯೇಷನ್ ಆದವರ ಥೈರಾಯ್ಡ್ ಕುಗ್ಗಬಹುದು. ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರು ಅದನ್ನು ಹೇಳದೆ ಹಲ್ಲು ಕೀಳಿಸಿಕೊಂಡರೆ ದವಡೆಯ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ. ಹಲ್ಲಿನ ಡಾಕ್ಟರಿಗೆ ಈ ಒಂದು ಮಾತು ಗೊತ್ತಿದ್ದರೆ ಸಾಕು, ಎಚ್ಚರ ವಹಿಸುತ್ತಾರೆ.

ದೊಡ್ಡಮ್ಮನಿಗೆ ತೊಂದರೆ ಕೊಟ್ಟಿದ್ದು ಎಡಗೈ. ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆದಿದ್ದರಿಂದ ಕೈಯ ನೀರು ಸರಾಗವಾಗಿ ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ. ಇಂಥ ಕೈಗೆ ಗಾಯ ಕೂಡದು. ಸಣ್ಣ ಗೀರಿನಿಂದಲೂ ಸೋಂಕು ಏರಿ ಜ್ವರ ಬರಬಹುದು. ಅವರ ಕೆಲಸವೋ ಹೊಲದಲ್ಲಿ ಸಣ್ಣ ಈರುಳ್ಳಿ ಕೀಳುವುದು, ಚೆಂಡುಹೂವು ಬಿಡಿಸುವುದು, ಕುಡುಗೋಲು ಹಿಡಿಯುವುದು. ಕೈ ಊದಿಕೊಂಡು ಬಳೆ ಬಿಗಿಯಾದಾಗ ಬಳೆ ತೆಗೆದಿಟ್ಟರೇ ವಿನಾ ಬಾಯಿ ಬಿಡಲಿಲ್ಲ. ನಮಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಯಾಕೆ ಹೇಳಲಿಲ್ಲವೆಂದು ಕೇಳಿದರೆ, ‘ಜೀವ ಉಳ್ದದಲ್ಲ, ಕೈ ಊದ್ಕಂಡ್ರೆ ಏನಾಯ್ತು? ಇನ್ನೂ ಏನ್ ಕೇಳದು ದೇವ್ರತ್ರ?’ ಎಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವರ ಕೃತಜ್ಞತೆ ನಿಜವಾದದ್ದು. ಅದರಷ್ಟು ನಿರ್ಮಲವಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಅದೇ ಕೃತಜ್ಞತೆ ಅವರ ಬಾಯಿ ಕಟ್ಟಿತು. ‘ಬದುಕಿದ್ದೇ ಹೆಚ್ಚು’ ಎಂದು ನಾವೆಲ್ಲ ಹೇಳಿ ಹೇಳಿ, ನೋವು ಹೇಳಿಕೊಳ್ಳುವುದೇ ಕೃತಘ್ನತೆ ಎನ್ನುವಂತೆ ಮಾಡಿದ್ದೆವು. ಊತ ಶುರುವಾದಾಗಲೇ ಬಿಗಿಪಟ್ಟಿ, ವ್ಯಾಯಾಮ, ಚರ್ಮದ ಆರೈಕೆ ಸಿಕ್ಕಿದ್ದರೆ ಹತೋಟಿಯಲ್ಲಿರುತ್ತಿತ್ತು. ತಡವಾಗಿ ಗಟ್ಟಿಯಾದ ಊತ ಪೂರ್ತಿ ಇಳಿಯುವುದಿಲ್ಲ. ಅವರ ಕೈ ಇಳಿದಿಲ್ಲ.

ಬಾಯಿ ಬಿಟ್ಟು ಹೇಳಿದವರ ಉಪಕಾರ ಆಗ ಅರ್ಥವಾಗುತ್ತದೆ. ಭಾರತಿ ಬಿ.ವಿ. ಅವರು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ತಮ್ಮ ಸ್ತನ ಕ್ಯಾನ್ಸರಿನ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದರು. ಇದೇ ಸೀಮೆಯ ರಾಜ್‌ಕುಮಾರ್ ಮನೆತನದ ನಟ ಶಿವರಾಜ್‌ಕುಮಾರ್ ಅವರಿಗೆ 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಹೊಸ ವರ್ಷದ ದಿನ ವಿಡಿಯೊದಲ್ಲಿ ಬಂದು, ಮೂತ್ರಕೋಶ ತೆಗೆದು ಹೊಸದು ಹಾಕಿದ್ದಾರೆ ಎಂದು ಹೇಳಿದರು. ‘ಆ ಕಾಯಿಲೆ’ ಎಂದು ಪಿಸುಗುಡುವ ನಮ್ಮ ಜಗಲಿಗಳಲ್ಲಿ ಮೂತ್ರಕೋಶದ ಮಾತು ನೇರವಾಗಿ ಬಂದದ್ದು ಅದರಿಂದಲೇ.

ಇನ್ನು ಸರ್ಕಾರ ನಡೆದುಕೊಳ್ಳಬೇಕಾದ ಹರಕೆಯ ಮಾತು. ನಮ್ಮ ಜಿಲ್ಲೆ ಚಾಮರಾಜನಗರಕ್ಕೆ 2016ರಿಂದ ತನ್ನದೇ ವೈದ್ಯಕೀಯ ಕಾಲೇಜಿದೆ. ತಪಾಸಣೆ ಅಲ್ಲೇ ಸಿಗುವಂತಾಗಬೇಕು, ಯಾಕೆಂದರೆ ಹನೂರಿನ ಕಾಡಂಚಿನ ಊರುಗಳಿಂದ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಎರಡು ಮೂರು ದಿನದ ಕೂಲಿ ಹೋದಂತೆ. 2025ರ ಕೇಂದ್ರ ಬಜೆಟ್ಟು ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವ ಮಾತು ಕೊಟ್ಟಿದೆ. ಅದು ಕಿಮೊ ಕೊಡುವ ಕೋಣೆಯಷ್ಟೇ ಆಗಬಾರದು. ವಾರಕ್ಕೊಂದು ದಿನ ಚಿಕಿತ್ಸೆ ಮುಗಿಸಿದವರಿಗೆಂದೇ ಮೀಸಲಾಗಲಿ. ಯಾವ ಔಷಧ, ಎಷ್ಟು ರೇಡಿಯೇಷನ್, ಮುಂದೆ ಏನನ್ನು ಗಮನಿಸಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಲಿ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಗೆಂದು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು ಹೊಸ ರೋಗಿಗಳನ್ನು ಹುಡುಕುವಾಗ, ಹಿಂದೆ ಚಿಕಿತ್ಸೆಯಾದವರು ಯಾರಿದ್ದಾರೆಂದೂ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಈಗಿರುವ ಅನುಕೂಲವೂ ಎಷ್ಟೋ ಮಂದಿಗೆ ತಿಳಿದಿಲ್ಲ. ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ಸ್ಲೀಪರ್ ದರ್ಜೆಗೆ ಪೂರ್ತಿ, ಸೆಕೆಂಡ್ ಕ್ಲಾಸಿಗೆ ಶೇ 75ರಷ್ಟು ರಿಯಾಯಿತಿ ಉಂಟು. ಚಿಕಿತ್ಸೆಗಷ್ಟೇ ಅಲ್ಲ, ಕಾಲಕಾಲದ ತಪಾಸಣೆಗೂ ಅದು ಸಲ್ಲುತ್ತದೆ; ಆಸ್ಪತ್ರೆಯವರು ತುಂಬಿಕೊಟ್ಟ ಫಾರಂ ಬೇಕು. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೊನೆಯ ತಪಾಸಣೆ ಯಾವಾಗ ಆಯಿತೆಂದು ಇವತ್ತೇ ಕೇಳಿ. ನೋವಿದೆಯಾ ಎಂದೂ ಕೇಳಿ, ಅವರು ಹೇಳುವವರೆಗೆ ಪಕ್ಕದಲ್ಲಿ ಕೂತಿರಿ. ಹೋಗುವ ದಿನ ಅವರನ್ನು ಒಬ್ಬರೇ ಕಳಿಸಬೇಡಿ.