ಹೋಟೆಲಿಗೆ ನಮ್ಮ ಕಾಫಿಪುಡಿ

ಮಲೆನಾಡಿನಿಂದ ತಿರುಪತಿ ಯಾತ್ರೆಗೆ ಹೊರಡುವ ನಮ್ಮ ಸದಸ್ಯರ ಕಾರಿನಲ್ಲಿ ಎರಡು ವಸ್ತುಗಳು ಇದ್ದೇ ಇರುತ್ತವೆ. ಒಂದು ಎಲೆಅಡಿಕೆಯ ಸಂಚಿ, ಇನ್ನೊಂದು ಮನೆಯಲ್ಲೇ ಹುರಿದು ಬೀಸಿದ ಕಾಫಿಪುಡಿ. ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲು, ನಂಗಲಿಯ ಮೇಲೆ ಹೋಗುವ ಹೆದ್ದಾರಿಯಲ್ಲಿ ಸಂಚಿಗೆ ಯಾವ ಹೋಟೆಲಿನಲ್ಲೂ ತಕರಾರಿಲ್ಲ. ಊಟ ಮುಗಿಸಿ ಅಲ್ಲೇ ಕುಳಿತು ಎಲೆಗೆ ಸುಣ್ಣ ಹಚ್ಚಿದರೂ ಯಾರೂ ಏನೂ ಅನ್ನುವುದಿಲ್ಲ (ಉಗುಳುವ ಮಾತು ಬೇರೆ). ಕಾಫಿಯ ಫ್ಲಾಸ್ಕು ಹೊರಗೆ ತೆಗೆದರೆ ಮಾತ್ರ ಗೋಡೆಯ ಫಲಕದತ್ತ ಬೆರಳು ತೋರಿಸುತ್ತಾರೆ: "ಹೊರಗಿನ ತಿಂಡಿ, ಪಾನೀಯಗಳನ್ನು ತರಬಾರದು."

"ದುಡ್ಡು ಕೊಟ್ಟು ತಿಂಡಿ ತಿನ್ನುತ್ತೇವೆ, ನಮ್ಮ ಕಾಫಿ ನಾವು ಕುಡಿದರೆ ಇವರ ಗಂಟೇನು ಹೋಗುತ್ತದೆ?" ಎಂದು ಸದಸ್ಯರು ಕಚೇರಿಗೆ ಬಂದು ಕೇಳುವುದುಂಟು. ನಾವೂ ಬಹುಕಾಲ ಹಾಗೆಯೇ ವಾದಿಸುತ್ತಿದ್ದೆವು. ಈಗ ಆ ವಾದ ನಮಗೆ ಸರಿಕಾಣುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ಬೆಳಗಿನ ಏಳು ಗಂಟೆಗೆ ಮುಳಬಾಗಿಲಿನ ಸಮೀಪ ಒಂದು ಹೋಟೆಲಿನಲ್ಲಿ ನಾವೂ ನಮ್ಮ ಮನೆಯವರೂ ಕುಳಿತೆವು. ದೋಸೆ ಆ ಊರಿನ ಹೆಸರಿಗೆ ತಕ್ಕಂತಿತ್ತು, ತಳ ಗರಿಗರಿ, ಮೇಲೆ ಮೆತ್ತಗೆ. ತಿಂದಾದ ಮೇಲೆ ನಾವು ಚೀಲದಿಂದ ಡಿಕಾಕ್ಷನ್ನಿನ ಫ್ಲಾಸ್ಕನ್ನೂ ಮನೆಯಿಂದ ತಂದ ಎರಡು ಸ್ಟೀಲು ಲೋಟಗಳನ್ನೂ ತೆಗೆದು, ಬಿಸಿ ಹಾಲು ಕೊಡಪ್ಪ ಎಂದೆವು. ಮೇಜು ಒರೆಸುತ್ತಿದ್ದ ಹುಡುಗ ಲೋಟಗಳನ್ನೇ ನೋಡಿದ. "ಯಾಕೆ ಸ್ವಾಮಿ, ನಮ್ಮ ಲೋಟ ಆಗಲ್ವಾ?" ಎಂದ. ಸಿಟ್ಟಿನಿಂದ ಕೇಳಲಿಲ್ಲ, ಮೆಲ್ಲಗೆ ಕೇಳಿದ. ಹಾಗಲ್ಲಪ್ಪ, ಇದು ನಮ್ಮ ತೋಟದ ಕಾಫಿ, ರುಚಿ ಅಭ್ಯಾಸವಾಗಿದೆ ಎಂದು ಹೇಳಿದೆವು. ನಿಜವನ್ನೇ ಹೇಳಿದರೂ ಅದು ನಮ್ಮ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಬುತ್ತಿ ಕಟ್ಟಿಕೊಂಡು ಪ್ರಯಾಣ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಹಾಗೆ ಕಟ್ಟಿಕೊಂಡು ಹೋದವರೆಲ್ಲ ರುಚಿಗಾಗಿಯೋ ಉಳಿತಾಯಕ್ಕಾಗಿಯೋ ಕಟ್ಟಿಕೊಳ್ಳಲಿಲ್ಲ. ಇನ್ನೊಬ್ಬರು ಮುಟ್ಟಿದ್ದನ್ನು ಉಣ್ಣಬಾರದು, ಇನ್ನೊಬ್ಬರ ಲೋಟ ತುಟಿಗೆ ತಾಗಬಾರದು ಎಂದು ಕಟ್ಟಿಕೊಂಡವರು ಬಹಳ ಮಂದಿ. ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದು ತೀರ ಹಳೆಯ ಕಥೆಯೇನೂ ಅಲ್ಲ. ಅಂಥ ನೆನಪಿರುವ ನಾಡಿನಲ್ಲಿ ಪಂಚೆಯುಟ್ಟ ಮನುಷ್ಯನೊಬ್ಬ ಸ್ವಂತ ಲೋಟ ಹೊರತೆಗೆದರೆ ಎದುರಿಗಿದ್ದವನು ಏನು ತಿಳಿಯಬೇಕು? ಅಂದಿನಿಂದ ನಮ್ಮ ಚೀಲದಲ್ಲಿ ಲೋಟವಿಲ್ಲ.

ಇನ್ನು ಹಕ್ಕಿನ ಪ್ರಶ್ನೆ. ಸಿನಿಮಾ ಮಂದಿರಗಳಿಗೆ ಹೊರಗಿನ ತಿಂಡಿ ತರುವ ಬಗ್ಗೆ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಜಾಗ ಮಾಲೀಕನದು, ಬೇಡವೆನ್ನುವ ಅಧಿಕಾರ ಅವನಿಗಿದೆ. ಕುಡಿಯುವ ನೀರನ್ನು ಮಾತ್ರ ಉಚಿತವಾಗಿ ಕೊಡಬೇಕು, ಎಳೆಮಗುವಿನ ಆಹಾರವನ್ನು ತಡೆಯಬಾರದು ಎಂಬುದು ಅದರ ಸಾರ. ಹೋಟೆಲಿನವನ ನ್ಯಾಯವೂ ಇದಕ್ಕಿಂತ ಬೇರೆಯಲ್ಲವೆಂದು ನಮಗೆ ತೋರುತ್ತದೆ. ಒಂದು ಲೋಟ ಕಾಫಿಯ ಬೆಲೆಯಲ್ಲಿ ಪುಡಿಯ ಪಾಲು ಎಷ್ಟು? ಹತ್ತು ಗ್ರಾಂ ಪುಡಿ ಹಿಡಿಯಿತೆನ್ನಿ. ಉಳಿದದ್ದು ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಲೋಟ ತೊಳೆಯುವವನ ಕೂಲಿ. ನಮ್ಮ ಪುಡಿ ನಾವು ತಂದ ಮಾತ್ರಕ್ಕೆ ಇವೆಲ್ಲ ಪುಕ್ಕಟೆಯಾಗುವುದಿಲ್ಲ.

ಪರದೇಶದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಅನೇಕ ಹೋಟೆಲುಗಳಲ್ಲಿ ಗಿರಾಕಿಗಳು ತಮ್ಮ ವೈನನ್ನು ತಾವೇ ತರಬಹುದು. ಬಿರಡೆ ತೆಗೆದು, ಗಾಜಿನ ಲೋಟ ಕೊಟ್ಟು, ಅದನ್ನು ತೊಳೆದಿಡುವುದಕ್ಕೆ ಹೋಟೆಲಿನವರು ಒಂದು ಮೊತ್ತ ಹಾಕುತ್ತಾರೆ. ಅದಕ್ಕೆ ಕಾರ್ಕೇಜ್ ಎಂದು ಹೆಸರು. ಇದನ್ನು ಓದಿ ಯಾರೂ ಕೋಲಾರದ ಹೆದ್ದಾರಿಯ ಊಟದ ಹೋಟೆಲಿಗೆ ವೈನು ಒಯ್ಯಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತದೆ, ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು, ಎಲ್ಲ ನಿಜ. ಆದರೆ ಪರವಾನಗಿ ಇಲ್ಲದ ಕಡೆ ಕುಡಿದರೆ, ಕುಡಿಯಲು ಎಡೆಗೊಟ್ಟರೆ, 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಮೊಕದ್ದಮೆಯಾಗುತ್ತದೆ. ಕಾಫಿಗೆ ಆ ಭಯವಿಲ್ಲ. ಕೇಳಿ ತರುವುದು, ತಂದದ್ದಕ್ಕೆ ಹಣ ಕೊಡುವುದು ಎಂಬ ಆ ಪದ್ಧತಿಯನ್ನು ನಾವು ಕಾಫಿಗೆ ಅನ್ವಯಿಸಿಕೊಳ್ಳಬಹುದಲ್ಲವೇ?

ಕಳೆದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿ ನೋಡಲು ಹೋದಾಗ ಹಾಗೆಯೇ ಮಾಡಿದೆವು. ಈ ಸಲ ಒಯ್ದದ್ದು ಪುಡಿ ಮತ್ತು ಒಂದು ಸಣ್ಣ ಫಿಲ್ಟರು. (ಫ್ಲಾಸ್ಕಿನ ಡಿಕಾಕ್ಷನ್ ನಾಲ್ಕು ಗಂಟೆಯಲ್ಲಿ ಪರಿಮಳ ಕಳೆದುಕೊಳ್ಳುತ್ತದೆ, ಮತ್ತೆ ಒಲೆಗಿಟ್ಟರೆ ಕಹಿಯಾಗುತ್ತದೆ. ಬೆಳೆಗಾರರಿಗೂ ಇದನ್ನು ಹೇಳಬೇಕಾಗಿರುವುದು ಸೋಜಿಗ.) ಕೂರುವ ಮೊದಲೇ ಗಲ್ಲೆಯ ಹತ್ತಿರ ಹೋಗಿ, ನಿಮ್ಮ ಕಾಫಿಯ ಪೂರ್ತಿ ದರ ಕೊಡುತ್ತೇವೆ, ಈ ಪುಡಿಯಲ್ಲಿ ಮೂರು ಲೋಟ ಮಾಡಿಸಿಕೊಡುತ್ತೀರಾ, ನೀವೂ ಒಂದು ಲೋಟ ಕುಡಿದು ನೋಡಿ ಎಂದು ಕೇಳಿದೆವು. ಮಾಲೀಕರು ನಕ್ಕು ಒಳಗೆ ಕರೆದರು. ಆ ಭಾಗದ ಕೊಳವೆಬಾವಿಯ ನೀರು ಗಡಸು, ಅದರಲ್ಲಿ ಎಂಥ ಪುಡಿಯೂ ಸಪ್ಪೆಯಾದೀತು. ಅದನ್ನು ಅವರೇ ಹೇಳಿ ಕ್ಯಾನಿನ ಶುದ್ಧ ನೀರು ಕಾಯಿಸಿಕೊಟ್ಟರು. ಕಾಲು ಗಂಟೆ ಇಳಿದ ಡಿಕಾಕ್ಷನ್ನಿಗೆ ಆಗತಾನೆ ಕಾಯಿಸಿದ ಹಾಲು. ಮರುದಿನ ಮಾಲೂರಿನ ಒಂದು ಸಣ್ಣ ಹೋಟೆಲಿನಲ್ಲೂ ಹೀಗೆಯೇ ಕೇಳಿದೆವು. ಆಗುವುದಿಲ್ಲ ಎಂದರು. ಅವರ ಚಹಾ ಕುಡಿದು ಎದ್ದೆವು. ಅದು ಚೆನ್ನಾಗಿಯೇ ಇತ್ತೆಂದು ಈ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾಗುತ್ತದೆ.

ಆದರೆ ಶ್ರೀನಿವಾಸಪುರದ ಮಾಲೀಕರು ಲೋಟ ಕೆಳಗಿಟ್ಟು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ಇದರಲ್ಲಿ ಚಿಕೋರಿ ಎಷ್ಟು?" ಇಲ್ಲವೇ ಇಲ್ಲ ಎಂದೆವು. "ಹಾಗಾದರೆ ಕಿಲೋಗೆ ಎಷ್ಟು, ಎಲ್ಲಿ ಸಿಗುತ್ತದೆ?" ಎಲ್ಲಿಯೂ ಸಿಗುವುದಿಲ್ಲ! ಹಾದಿಬದಿಯ ಹೋಟೆಲಿನವರು ಕೊಳ್ಳುವ ಮಿಶ್ರಣದಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಇರಲು ಕಾನೂನೇ ಅವಕಾಶ ಕೊಟ್ಟಿದೆ. 2024-25ರ ಹಂಗಾಮಿನಲ್ಲಿ ಬೀಜದ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಅವರು ಇನ್ನೂ ಅಗ್ಗದ ಮಿಶ್ರಣ ಹುಡುಕಿದರೆ ತಪ್ಪು ಹೊರಿಸುವುದು ಹೇಗೆ? ಒಳ್ಳೆಯ ಕಾಫಿ ಸಿಗುವುದಿಲ್ಲವೆಂದು ಮೂಗು ಮುರಿಯುವ ನಾವೇ ಒಳ್ಳೆಯ ಕಾಫಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೇವೆ. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ.

ಮೊದಲು ನಮಗೊಂದು ನೆಪವಿತ್ತು. ಮನೆಖರ್ಚಿಗೂ ಬಿತ್ತನೆಗೂ ಇಟ್ಟುಕೊಂಡು ಉಳಿದ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಾಗಿತ್ತು. 1992ರಿಂದ ಆ ಬಿಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಹೋಯಿತು. ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಕಾಫಿ ಮಾರಿ ತೋರಿಸಿದರು. ಅವರಿಗೆ ತೋಟವಿರಲಿಲ್ಲ. ತೋಟವಿರುವ ನಮ್ಮ ಸಂಘದ ಮಹಾಸಭೆಯಲ್ಲಿ ಪುಡಿ ಘಟಕದ ಮಾತು ಎರಡು ಸಲ ಬಂದು, ಎರಡು ಸಲವೂ "ಮುಂದಿನ ವರ್ಷ ನೋಡೋಣ" ಎಂದು ದಾಖಲಾಗಿದೆ. ಆ ನಡವಳಿಯನ್ನು ಬರೆದವರು ನಾವೇ.

ಈ ಬಾರಿ ಅದನ್ನು ಮೂರನೆಯ ಸಲ ಮಂಡಿಸಲಿದ್ದೇವೆ. ಕಾಲು ಕಿಲೋ ಪೊಟ್ಟಣ, ಹೋಟೆಲಿನವರಿಗೆ ಒಂದು ದರ, ಪೊಟ್ಟಣದ ಮೇಲೆ ಸಂಘದ ವಿಳಾಸ, ಇಷ್ಟೇ ಬೇಡಿಕೆ. ತಿರುಪತಿಗೆ ಹೋಗುವ ಸದಸ್ಯರು ಎರಡು ಪೊಟ್ಟಣ ಒಯ್ದು, ಒಂದನ್ನು ತಾವು ಬಳಸಿ ಇನ್ನೊಂದನ್ನು ಗಲ್ಲೆಯ ಮೇಲೆ ಕೊಟ್ಟು ಬರಲಿ. ಶ್ರೀನಿವಾಸಪುರಕ್ಕೆ ಮೊದಲ ಎರಡು ಕಿಲೋ ಕಳುಹಿಸುತ್ತೇವೆಂದು ಮಾತು ಕೊಟ್ಟು ಬಂದಿದ್ದೇವೆ. ಸದ್ಯಕ್ಕೆ ನಮ್ಮ ಮನೆಯ ಡಬ್ಬದಿಂದಲೇ ಕಳುಹಿಸಬೇಕಾಗಿದೆ.