ಹೆರಿಗೆ ಕೋಣೆಯ ತಾಲೀಮು

ಮಗು ಹುಟ್ಟಿ ಮಾಸು ಬಿತ್ತೆಂದರೆ ಹೊರಗೆ ಕಾದಿರುವ ಮನೆಯವರಿಗೆ ನಿರಾಳ. ಒಳಗೆ ಅಪಾಯ ಶುರುವಾಗುವುದು ಎಷ್ಟೋ ಸಲ ಅದೇ ಹೊತ್ತಿಗೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಅದು ಬಿಗಿದು ಗಟ್ಟಿಯಾಗದಿದ್ದರೆ ಬಾಣಂತಿಯನ್ನು ಉಳಿಸಿಕೊಳ್ಳಲು ಹೆಚ್ಚು ಸಮಯ ಇರುವುದಿಲ್ಲ. ಒಬ್ಬರು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜಬೇಕು, ಇನ್ನೊಬ್ಬರು ಆಕ್ಸಿಟೋಸಿನ್ ಕೊಡಬೇಕು, ಮತ್ತೊಬ್ಬರು ರಕ್ತಕ್ಕೆ ಓಡಬೇಕು, ಯಾರಾದರೂ ಗಡಿಯಾರ ನೋಡಿ ಬರೆದುಕೊಳ್ಳಬೇಕು. ಇದೆಲ್ಲ ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಯಾವುದನ್ನು ಯಾರು ಮಾಡಬೇಕೆಂಬಲ್ಲೇ ಗೊಂದಲ.

ನಾಟಕದವರು ಮಾತು ಬಾಯಿಪಾಠವಾದ ಮೇಲೂ ತಾಲೀಮು ಬಿಡುವುದಿಲ್ಲ. ತಾಯಿ-ಮಗುವಿನ ಜೀವ ಕೈಯಲ್ಲಿರುವವರಿಗೆ ಅಂಥ ತಾಲೀಮು ಯಾಕೆ ಇರಬಾರದು? ಅನುಭವ ಇದ್ದರೆ ಸಾಕು ಎನ್ನುವವರಿದ್ದಾರೆ. ಆದರೆ ತಲೆ ಹೊರಬಂದು ಮಗುವಿನ ಭುಜ ಸಿಕ್ಕಿಕೊಳ್ಳುವುದು, ಬಸುರಿಗೆ ನಂಜೇರಿ ಫಿಟ್ಸ್ ಬರುವುದು ಅಪರೂಪ. ಅಪರೂಪವಾದ್ದರಿಂದಲೇ ಅನುಭವ ಅಲ್ಲಿ ಕೈಕೊಡುತ್ತದೆ. ಫಿಟ್ಸ್ ಬಂದಾಗ ನಾಲ್ಕು ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಎಂದರೆ ಎಷ್ಟು ಆಂಪೂಲು, ಎಷ್ಟು ನೀರು ಬೆರೆಸಬೇಕು ಎಂಬ ಲೆಕ್ಕವನ್ನು ನಡುಗುವ ಕೈಯಲ್ಲಿ ಹೊಸದಾಗಿ ಹಾಕಲಾಗದು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೌತ್‌ಮೀಡ್ ಆಸ್ಪತ್ರೆ 2000ದಲ್ಲಿ ವೈದ್ಯರು, ಸೂಲಗಿತ್ತಿಯರು, ಅರಿವಳಿಕೆ ತಜ್ಞರು ಎಲ್ಲರಿಗೂ ಒಟ್ಟಾಗಿ ಇಂಥ ತರಬೇತಿ ಆರಂಭಿಸಿತು. ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಪೆಟ್ಟಾಗುತ್ತಿದ್ದ ಶಿಶುಗಳ ಪ್ರಮಾಣ ಶೇ. 9.3ರಿಂದ 2.3ಕ್ಕೆ ಇಳಿಯಿತು. ಅದೇ ತರಬೇತಿಯನ್ನು ಸ್ಕಾಟ್ಲೆಂಡಿನ 12 ಹೆರಿಗೆ ಘಟಕಗಳಿಗೆ ಒಯ್ದು ಅಳೆದಾಗ ಶಿಶುಗಳ ಸ್ಥಿತಿಯಲ್ಲಿ ಎಣಿಸುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ವಾದಿಸುವುದು ಪ್ರಾಮಾಣಿಕತೆಯಲ್ಲ. ಸೌತ್‌ಮೀಡಿನವರು ತಮ್ಮ ಕೋಣೆಯಲ್ಲಿ, ತಮ್ಮವರೊಂದಿಗೆ, ವರ್ಷ ವರ್ಷವೂ ಮಾಡಿಕೊಂಡು ಬಂದದ್ದು ಅದು. ಮೇಲಿನಿಂದ ಇಳಿಸಿದ ಪಠ್ಯಕ್ಕೆ ಆ ಕಸುವು ತಾನಾಗಿ ಬಾರದು ಎಂದೇ ನಾನು ಓದಿಕೊಳ್ಳುತ್ತೇನೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬಾಣಂತಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವಳು ಆಯಾ, ಆಮೇಲೆ ಸ್ಟಾಫ್ ನರ್ಸ್. ರಕ್ತ ಜಾಸ್ತಿ ಹೋಗುತ್ತಿದೆ ಅನ್ನಿಸಿದರೂ "ಮೇಡಂ, ಒಂದು ಸಲ ಬಂದು ನೋಡಿ" ಅನ್ನಲು ಅವರಿಗೆ ಅಳುಕು. ಬರೀ ಕಣ್ಣಂದಾಜನ್ನು ನಂಬಿ ಬೈಸಿಕೊಳ್ಳುವುದೇಕೆ ಎಂಬ ಭಯ. ಕಣ್ಣೂ ಮೋಸ ಮಾಡುತ್ತದೆ ಅನ್ನಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಪಾಲುಗೊಂಡು ರೂಪಿಸಿದ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಅದನ್ನು ತೋರಿಸಿಕೊಟ್ಟಿತು: ಕಣ್ಣಂದಾಜು ಚೀಲದ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ. ರಕ್ತ ಗೆರೆ ಮುಟ್ಟಿದೆ ಎಂದು ಹೇಳಲು ನರ್ಸಿಗೆ ಯಾರ ಮರ್ಜಿಯೂ ಬೇಕಿಲ್ಲ. ಇಂಥ ಚೀಲ, ಒಟ್ಟಿಗೇ ಕೊಡುವ ಚಿಕಿತ್ಸೆಗಳು, ವಾರ್ಡಿನಲ್ಲೇ ಅಣಕು ಹೆರಿಗೆಯ ಅಭ್ಯಾಸ, ಇವಿಷ್ಟನ್ನೂ ಸೇರಿಸಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಸಾವು, ಇವುಗಳ ಒಟ್ಟು ಅಪಾಯ ಶೇ. 60ರಷ್ಟು ತಗ್ಗಿತ್ತು.

ದುಡ್ಡಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಬಿಹಾರದ ನರ್ಸುಗಳ ತರಬೇತಿಯಲ್ಲಿ ಒಬ್ಬಾಕೆ ವಿಶೇಷವಾಗಿ ಹೊಲಿದ ಪ್ಯಾಂಟು ತೊಟ್ಟು ಬಸುರಿಯಾಗಿ ನಟಿಸಿದರೆ ಸಾಕು, ಲಕ್ಷಗಟ್ಟಲೆ ಬೆಲೆಯ ಗೊಂಬೆ ಬೇಕಿಲ್ಲ. ಪುರುಸೊತ್ತಿಲ್ಲ ಎಂಬ ದೂರು ನಿಜವಾದದ್ದು. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವ ಕಡೆ ತಾಲೀಮಿಗೆ ಯಾರನ್ನು ಕರೆಯುವುದು? ಆದರೂ ಇಬ್ಬರೇ ಇರುವ ರಾತ್ರಿಗೇ ಅದರ ಅಗತ್ಯ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಸಾಕು. ಆಯಾ, ಲ್ಯಾಬಿನವರು, ಆಂಬುಲೆನ್ಸ್ ಚಾಲಕ, ವೈದ್ಯರು ಎಲ್ಲರೂ ಇರಬೇಕು. ಮುಗಿದ ಮೇಲೆ ಕೂತು ಮಾತಾಡುವಾಗ ಮೊದಲ ಮಾತು ಆಯಾಳದಾಗಿರಲಿ. ಆಕ್ಸಿಟೋಸಿನ್ ಇಟ್ಟ ಫ್ರಿಜ್ಜಿನ ಕೀಲಿ ರಾತ್ರಿ ಯಾರ ಬಳಿ ಇರುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ.