ಬೆರಳಿಗೆ 98 ತೋರಿದರೆ ರಕ್ತ ಸರಿಯಿದೆ ಎಂದಲ್ಲ



ಕೋವಿಡ್ ಕಾಲದಲ್ಲಿ ಹಳ್ಳಿಗಳಿಗೂ ಬಂದ ಪಲ್ಸ್ ಆಕ್ಸಿಮೀಟರ್, ಅಂದರೆ ಬೆರಳ ತುದಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ನೋಡುವ ಪುಟ್ಟ ಸಾಧನ, ಬಳಕೆಯಲ್ಲಿ ಉಳಿದುಕೊಂಡಂತೆಯೇ ಅಂಕಿ 95ರ ಮೇಲಿದ್ದರೆ ಚಿಂತೆಯಿಲ್ಲವೆಂಬ ನಂಬಿಕೆಯೂ ಜನರಲ್ಲಿ ಉಳಿದುಕೊಂಡಿದೆ. ಸೋಂಕಿನ ದಿನಗಳಲ್ಲಿ ಜೀವ ಉಳಿಸಿದ ಈ ಅಂಕಿಯೇ ರಕ್ತಹೀನತೆಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲವಾದ್ದರಿಂದ, ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರುಗಳಲ್ಲಿ ಶೇಂಗಾ ಕೀಳಲು ಬಾಗಿದ ಹೆಂಗಸು ನಾಲ್ಕು ಸಾಲಿಗೊಮ್ಮೆ ಸೊಂಟ ಹಿಡಿದು ನಿಂತು ಏದುಸಿರು ಬಿಡುತ್ತಿದ್ದರೂ, ಅವಳ ಬೆರಳಿನಲ್ಲಿ 98 ಕಂಡೊಡನೆ ಎಲ್ಲವೂ ಸರಿಯಿದೆಯೆಂದು ಕಳುಹಿಸಿಬಿಡುವುದು ಸಾಧ್ಯವಾಗುತ್ತದೆ.

ಆಮ್ಲಜನಕವು ನೀರಿನಲ್ಲಿ ಬಲು ಕಡಿಮೆ ಕರಗುವ ಅನಿಲವಾದ್ದರಿಂದ, 100 ಮಿಲಿಲೀಟರ್ ರಕ್ತದಲ್ಲಿ ನೇರವಾಗಿ ಕರಗಿ ಸಾಗುವ ಆಮ್ಲಜನಕ ಸುಮಾರು 0.3 ಮಿಲಿಲೀಟರ್ ಮಾತ್ರ. ಉಳಿದುದನ್ನೆಲ್ಲ ಹೊರುವುದು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಅದರ ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಪ್ರತಿಯೊಂದೂ ಶ್ವಾಸಕೋಶದಲ್ಲಿ ಒಂದು ಆಮ್ಲಜನಕದ ಅಣುವನ್ನು ಹಿಡಿದುಕೊಳ್ಳುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಹೆಚ್ಚೆಂದರೆ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ಹೀಗಾಗಿ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಹಿಮೋಗ್ಲೋಬಿನ್ ಇರುವವಳ ರಕ್ತ ಸುಮಾರು 16 ಮಿಲಿಲೀಟರ್ ಆಮ್ಲಜನಕವನ್ನು ಒಯ್ದರೆ, 7 ಗ್ರಾಂ ಇರುವವಳ ರಕ್ತ 9 ಮಿಲಿಲೀಟರಿನಷ್ಟನ್ನು ಮಾತ್ರ ಒಯ್ಯುತ್ತದೆ.

ಆಕ್ಸಿಮೀಟರು ಈ ಇಬ್ಬರಿಗೂ 98 ಎಂದೇ ತೋರಿಸಬಹುದು. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಇರುವ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕದಿಂದ ತುಂಬಿದೆ ಎಂಬುದನ್ನು ಲೆಕ್ಕ ಹಾಕುತ್ತದೆಯೇ ಹೊರತು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ಚಳ್ಳಕೆರೆಯ ಮಂಡಿಗೆ ಬಂದ ಗಾಡಿಗಳೆಲ್ಲ ತುಂಬಿಯೇ ಬಂದವು ಎಂದ ಮಾತ್ರಕ್ಕೆ ಅಂದು ಎಷ್ಟು ಶೇಂಗಾ ಬಂತೆಂದು ತಿಳಿಯುವುದಿಲ್ಲ. ಬಂದ ಗಾಡಿಗಳೆಷ್ಟು ಎಂದು ಎಣಿಸಲೇಬೇಕು. ಗಾಡಿ ಕಡಿಮೆಯಾದಾಗ ಇದ್ದವುಗಳನ್ನೇ ಬೇಗಬೇಗ ಓಡಿಸುವಂತೆ ಹೃದಯವು ರಕ್ತವನ್ನು ಜೋರಾಗಿ ತಳ್ಳಬೇಕಾಗುವುದರಿಂದಲೇ ರಕ್ತಹೀನತೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ.

ಮರಳಿ ಬರುವ ಸರಕಿನ ಕಥೆ ಬೇರೆ. ದುಡಿಯುವ ಸ್ನಾಯುವಿನಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಕೆಂಪು ಕಣದೊಳಗಿನ ಒಂದು ಕಿಣ್ವದ ನೆರವಿನಿಂದ ನೀರಿನೊಡನೆ ಕೂಡಿ, ಅದರ ಸುಮಾರು ನೂರಕ್ಕೆ 70 ಪಾಲು ಬೈಕಾರ್ಬನೇಟ್ ಎಂಬ ಲವಣರೂಪ ತಾಳಿ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ ಹರಿದುಹೋಗುತ್ತದೆ. ಆಗ ಹುಟ್ಟುವ ಆಮ್ಲವನ್ನು ಹಿಮೋಗ್ಲೋಬಿನ್ ತಾನೇ ಹೀರಿಕೊಂಡು, ಹಾಗೆ ಹೀರಿಕೊಳ್ಳುವಾಗಲೇ ಆಮ್ಲಜನಕದ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ. ಹೆಚ್ಚು ದುಡಿದ ಅಂಗಕ್ಕೆ ಹೆಚ್ಚು ಆಮ್ಲಜನಕ ಸಿಗುವ ಈ ಏರ್ಪಾಡು ನಿಜಕ್ಕೂ ಬೆರಗು ಹುಟ್ಟಿಸುವಂಥದು. ಇಂಗಾಲದ ಡೈಆಕ್ಸೈಡಿಗೆ ಪ್ಲಾಸ್ಮಾದ ದಾರಿ ಇದ್ದೇ ಇರುವುದರಿಂದ ಹಿಮೋಗ್ಲೋಬಿನ್ ಕೊರತೆಯ ಏಟು ಮುಖ್ಯವಾಗಿ ಬೀಳುವುದು ಆಮ್ಲಜನಕದ ಸಾಗಣೆಗೆ.

ರಕ್ತಹೀನತೆಯು ಬೆರಳೆಣಿಕೆಯ ಜನರ ಕಾಯಿಲೆಯಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆ ಕಂಡುಬಂದಿದ್ದು, ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿವೆ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮವು ಪರೀಕ್ಷೆ, ಚಿಕಿತ್ಸೆ, ಮಾತುಕತೆ ಎಂಬ ಮೂರನ್ನೂ ತನ್ನ ಶಿಬಿರಗಳ ಸೂತ್ರವಾಗಿ ಇಟ್ಟುಕೊಂಡಿದೆ. ಆದರೆ ಹಂಚಿದ ಕಬ್ಬಿಣದ ಮಾತ್ರೆಗಳನ್ನು ಎಣಿಸಿದಷ್ಟು ಸುಲಭವಾಗಿ ಆಡಿದ ಮಾತನ್ನು ಎಣಿಸಲಾಗದ್ದರಿಂದ ಮೂರನೆಯದೇ ಹಿಂದೆ ಬೀಳುತ್ತದೆ. ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಿಂದ ಮಲ ಕಪ್ಪಾಗುವುದು ಹೀರಲ್ಪಡದೆ ಉಳಿದ ಕಬ್ಬಿಣದಿಂದ, ಅದರಿಂದ ತೊಂದರೆಯಿಲ್ಲ ಎಂಬ ಒಂದು ಮಾತು ಮೊದಲ ದಿನವೇ ಸಿಗದಿದ್ದರೆ, ಎರಡು ದಿನ ಹೊಟ್ಟೆ ತೊಳಸಿದ ಮೇಲೆ ಮಾತ್ರೆಯ ಪಟ್ಟಿ ಗೂಡು ಸೇರುತ್ತದೆ. ರಾಗಿ ಮುದ್ದೆಯುಂಡ ಬೆನ್ನಿಗೇ ಕುಡಿಯುವ ಚಹಾ ಕಬ್ಬಿಣವನ್ನು ಸರಿಯಾಗಿ ಹೀರಗೊಡುವುದಿಲ್ಲವೆಂದೂ, ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಹುಳಿ ಅದಕ್ಕೆ ನೆರವಾಗುತ್ತದೆಂದೂ ಹೇಳಲು ಹಣ ಬೇಕಿಲ್ಲ, ಹತ್ತು ನಿಮಿಷ ಬೇಕು.

‘ರಕ್ತ ಕಡಿಮೆ’ ಎಂಬ ರೂಢಿಯ ಮಾತೂ ತಿದ್ದುಪಡಿ ಬೇಡುತ್ತದೆ. ದೀರ್ಘಕಾಲದ ರಕ್ತಹೀನತೆಯಲ್ಲಿ ಸಾಮಾನ್ಯವಾಗಿ ರಕ್ತದ ಅಳತೆ ಕುಗ್ಗಿರುವುದಿಲ್ಲ, ಆಮ್ಲಜನಕ ಹೊರುವ ಶಕ್ತಿ ಕುಗ್ಗಿರುತ್ತದೆ. ಇದನ್ನು ಶಾಲೆಯಿಂದಲೇ ಕಲಿಸಲು ಚಳ್ಳಕೆರೆ ತಾಲ್ಲೂಕಿಗೆ ದೂರ ಹುಡುಕುವ ಅಗತ್ಯವಿಲ್ಲ. ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿ ಕಲಿತ ಶಿಕ್ಷಕರು, ವಾರಕ್ಕೊಂದು ನೀಲಿ ಮಾತ್ರೆ ನುಂಗುವ ಹುಡುಗಿಯರಿಗೆ ಅದರೊಳಗಿನ ಕಬ್ಬಿಣ ಎಲ್ಲಿಗೆ ಹೋಗಿ ಏನು ಹೊರುತ್ತದೆ ಎಂಬುದನ್ನು ಅದೇ ತರಗತಿಯಲ್ಲಿ ತಿಳಿಸುವಂತಾಗಬೇಕು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಪ್ರತಿ ಆರೋಗ್ಯ ಶಿಬಿರದಲ್ಲಿಯೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವ ಜೊತೆಗೆ ಅದೇ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಅಳೆದು, ಆ ಅಂಕಿಯನ್ನು ಹೆಂಗಸಿನ ಕೈಗೇ ಬರೆದುಕೊಟ್ಟು, ಕೊರತೆ ಇದ್ದವರನ್ನು ಒಂದು ತಿಂಗಳ ಚಿಕಿತ್ಸೆಯ ನಂತರ ಮತ್ತೆ ಕರೆದು ಪರೀಕ್ಷಿಸುವ ಕ್ರಮವನ್ನು ಸಂಬಂಧಪಟ್ಟವರು ಶೇಂಗಾ ಕೀಳುವ ಸುಗ್ಗಿಗೆ ಮುನ್ನವೇ ಜಾರಿಗೆ ತರಬೇಕು.

ಇಂತಿ,
ಓದುಗರೊಬ್ಬರು,
ದೊಡ್ಡಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು